ಒಂದೇ ಹಡಗು, ಬಂದರಿಗೊಂದು ಕಾನೂನು

2022ರ ನವೆಂಬರ್‌ನ ಒಂದು ಸಂಜೆ. ಮೈಸೂರಿನ ಚಿಕ್ಕಪ್ಪನ ಮನೆಯ ಊಟದ ಮೇಜಿನ ಮೇಲೆ ಎರಡು ಪಾಸ್‌ಪೋರ್ಟು, ಎರಡು ಲಸಿಕೆ ಸರ್ಟಿಫಿಕೇಟು, ಒಂದು ಭೂತಗನ್ನಡಿ. ಇನ್ನು ಮೂರು ದಿನಕ್ಕೆ ಸಿಂಗಪುರದ ವಿಮಾನ, ಅಲ್ಲಿಂದ ಕ್ರೂಸ್. ಮದುವೆಯಾಗಿ ನಲವತ್ತು ವರ್ಷ ತುಂಬಿದ್ದಕ್ಕೆ ಮಕ್ಕಳು ಕೊಡಿಸಿದ ಪ್ರವಾಸ. ಚಿಕ್ಕಪ್ಪ ಬೆರಳಿಟ್ಟು ತೋರಿಸಿದರು. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅವರಪ್ಪನ ಹೆಸರು, ಅವರ ಹೆಸರು ಎಲ್ಲ ಬಿಡಿಸಿ ಬರೆದಿದೆ. ಲಸಿಕೆ ಸರ್ಟಿಫಿಕೇಟಿನಲ್ಲಿ ಎರಡು ಇನಿಷಿಯಲ್ಲು, ಮುಂದೆ ಹೆಸರು, ಅಷ್ಟೇ. ನಮ್ಮ ಕಣ್ಣಿಗೆ ಇಬ್ಬರೂ ಒಬ್ಬರೇ. ಸಿಂಗಪುರದ ಕಂಪ್ಯೂಟರಿಗೆ?

ಟ್ರಾವೆಲ್ಸ್‌ನವರು ಫೋನಿನಲ್ಲಿ "ಏನೂ ಆಗಲ್ಲ ಸಾರ್, ಎಲ್ಲ ಓಕೆ" ಅಂದಿದ್ದರು. ನನಗೆ ಸಮಾಧಾನ ಆಗಲಿಲ್ಲ. ಕೋವಿನ್ ತೆರೆದು, ಹೆಸರು ತಿದ್ದಿ, ಪಾಸ್‌ಪೋರ್ಟ್ ನಂಬರ್ ಸೇರಿಸಿ, ಹೊಸ ಸರ್ಟಿಫಿಕೇಟು ಪ್ರಿಂಟ್ ಆಗುವ ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು. ಚಿಕ್ಕಮ್ಮ ಎರಡು ಸಲ ಕಾಫಿ ಮಾಡಿಕೊಟ್ಟರು.

ಆಮೇಲೆ ಪರಿಚಯದವರು ಯಾರೇ ಕ್ರೂಸ್ ಅಂದರೂ ನಾನು ಮೊದಲು ಕೇಳುವುದು ಊಟ ಹೇಗೆ, ಕ್ಯಾಬಿನ್‌ಗೆ ಕಿಟಕಿ ಇದೆಯಾ ಅಂತಲ್ಲ. ಹಡಗು ಎಲ್ಲೆಲ್ಲಿ ನಿಲ್ಲುತ್ತೆ, ಆ ಪಟ್ಟಿ ಕೊಡಿ ಅಂತ. ವಿಮಾನದಲ್ಲಿ ಹೋಗುವವರು ಒಂದು ದೇಶ ಬಿಟ್ಟು ಇನ್ನೊಂದು ದೇಶದಲ್ಲಿ ಇಳಿಯುತ್ತಾರೆ. ಎರಡು ಕಡೆಯ ನಿಯಮ ನೋಡಿಕೊಂಡರೆ ಮುಗಿಯಿತು. ಹಡಗು ಹಾಗಲ್ಲ. ಅದು ನಾಲ್ಕೈದು ದೇಶಗಳನ್ನು ಪೋಣಿಸಿದ ಸರ. ಆ ಸರದಲ್ಲಿ ಯಾವ ಬಂದರಿನ ನಿಯಮ ಎಲ್ಲಕ್ಕಿಂತ ಬಿಗಿಯೋ, ಮೊದಲ ದಿನ ಹಡಗು ಹತ್ತುವಾಗಲೇ ಆ ನಿಯಮ ನಿಮಗೆ ಅನ್ವಯ. ಅದನ್ನು ಪರಿಶೀಲಿಸುವವರೂ ಇಮಿಗ್ರೇಷನ್ ಅಧಿಕಾರಿಯಲ್ಲ, ಹಡಗು ಕಂಪನಿಯ ಚೆಕ್-ಇನ್ ಕೌಂಟರಿನ ಹುಡುಗಿ. ಅವಳ ಪಟ್ಟಿಗೆ ನಿಮ್ಮ ಕಾಗದ ತಾಳೆಯಾಗದಿದ್ದರೆ ಹಡಗು ನಿಮ್ಮನ್ನು ಬಿಟ್ಟು ಹೋಗುತ್ತದೆ. ಅಂಥ ಸಂದರ್ಭದಲ್ಲಿ ದುಡ್ಡೂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಈ ಬಿಗಿ ಎಲ್ಲಿಂದ ಬಂತು ಅಂತ ತಿಳಿಯಲು 2020ರ ಫೆಬ್ರವರಿಗೆ ಹೋಗಬೇಕು. ಡೈಮಂಡ್ ಪ್ರಿನ್ಸೆಸ್ ಹಡಗು ಜಪಾನಿನ ಯೊಕೊಹಾಮಾಗೆ ಬಂದಾಗ ಅದರಲ್ಲಿ 3,711 ಜನ ಇದ್ದರು. ಜನವರಿ 25ರಂದು ಹಾಂಗ್‌ಕಾಂಗ್‌ನಲ್ಲಿ ಇಳಿದುಹೋಗಿದ್ದ ಒಬ್ಬ ಪ್ರಯಾಣಿಕನಿಗೆ ಸೋಂಕು ಇತ್ತು ಅಂತ ಆಮೇಲೆ ಗೊತ್ತಾಯಿತು. ಹಡಗಿನಲ್ಲೇ ಎರಡು ವಾರ ಕ್ವಾರಂಟೈನ್. ಕೊನೆಗೆ ಲೆಕ್ಕ ಹಾಕಿದಾಗ 712 ಮಂದಿಗೆ ಸೋಂಕು. ಹಡಗಿನ ಬಾವುಟ ಬ್ರಿಟನ್ನಿನದು, ನಡೆಸುವ ಕಂಪನಿ ಅಮೆರಿಕದ್ದು, ನಿಂತಿದ್ದ ನೀರು ಜಪಾನಿನದು. ಯಾರ ಮಾತು ನಡೆಯಬೇಕು? ನಡೆದದ್ದು ಬಂದರಿನ ದೇಶದ ಮಾತು. ಅಂದಿನಿಂದ ಇಂದಿನವರೆಗೆ ಅದೇ ಸತ್ಯ. ಹಡಗು ಯಾರದ್ದೇ ಇರಲಿ, ಬಾಗಿಲು ತೆಗೆಯುವವರು ದಡದವರು.

ಆ ಹಡಗಿನಲ್ಲಿ 138 ಭಾರತೀಯರಿದ್ದರು. ಅದರಲ್ಲಿ 132 ಮಂದಿ ಅಲ್ಲಿ ದುಡಿಯುತ್ತಿದ್ದವರು, ಪ್ರಯಾಣಿಕರು ಆರೇ ಜನ. ಈ ಲೆಕ್ಕ ನನ್ನನ್ನು ಈಗಲೂ ಕಾಡುತ್ತದೆ. ಪ್ರಯಾಣಿಕರು ಕ್ಯಾಬಿನ್ ಬಾಗಿಲು ಹಾಕಿಕೊಂಡು ಒಳಗಿದ್ದರು. ಅವರಿಗೆ ಊಟದ ತಟ್ಟೆ ಬಾಗಿಲಿಗೆ ತಲುಪಿಸುತ್ತಿದ್ದವರು, ಅಡುಗೆ ಮಾಡುತ್ತಿದ್ದವರು ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಕೆಲಸ ಮುಗಿದ ಮೇಲೆ ಅವರು ಹೋಗಿ ಮಲಗುತ್ತಿದ್ದದ್ದು ಇನ್ನೊಬ್ಬರ ಜೊತೆ ಹಂಚಿಕೊಂಡ ಸಣ್ಣ ಕೋಣೆಯಲ್ಲಿ. ಫೆಬ್ರವರಿ 27ರಂದು ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ದೆಹಲಿಗೆ ಕರೆತಂದಿತು. ಗೋವಾ, ಉಡುಪಿ, ಮಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಒಬ್ಬ ಮಗನಾದರೂ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಅಂಥ ಮನೆಗಳಿಗೆ ಆ ವಾರಗಳು ಹೇಗಿದ್ದಿರಬೇಕು ಅಂತ ಸುಮ್ನೆ ಯೋಚಿಸಿದರೂ ಹೊಟ್ಟೆ ಕಿವುಚುತ್ತದೆ. ಕ್ರೂಸ್‌ನಲ್ಲಿ ಆರೋಗ್ಯದ ನಿಯಮ ಅಂದರೆ ಕಿರಿಕಿರಿ ಅನ್ನುವವರಿಗೆ ನಾನು ಈ ಅಂಕಿಯನ್ನೇ ಹೇಳುವುದು.

ಅದೇ ತಿಂಗಳು ವೆಸ್ಟರ್‌ಡಾಮ್ ಎಂಬ ಹಡಗು ಒಂದೊಂದೇ ಬಂದರಿನ ಬಾಗಿಲು ತಟ್ಟಿತು. ಜಪಾನ್, ತೈವಾನ್, ಫಿಲಿಪ್ಪೀನ್ಸ್, ಗುವಾಮ್, ಥಾಯ್ಲೆಂಡ್ ಎಲ್ಲ ಬೇಡ ಅಂದವು. ಕೊನೆಗೆ ಕಾಂಬೋಡಿಯಾ ಜಾಗ ಕೊಟ್ಟಿತು. ನಮ್ಮಲ್ಲೂ ಹಾಗೇ ಆಯಿತು. 2020ರ ಮಾರ್ಚ್ ಆರಂಭದಲ್ಲಿ ನವಮಂಗಳೂರು ಬಂದರಿಗೆ ಬರಬೇಕಿದ್ದ ಎಂಎಸ್‌ಸಿ ಲಿರಿಕಾ ಹಡಗಿಗೆ ಒಳಗೆ ಬರಲು ಬಿಡಲಿಲ್ಲ. ಆಮೇಲೆ ಪಣಂಬೂರಿನ ಆ ಕಟ್ಟೆಗೆ ಮತ್ತೆ ವಿದೇಶಿ ಕ್ರೂಸ್ ಬಂದು ತಾಗಿದ್ದು 2022ರ ನವೆಂಬರ್ ಕೊನೆಯಲ್ಲಿ, ಯುರೋಪಾ 2 ಬಂದಾಗ. ನಡುವೆ ಎರಡೂವರೆ ವರ್ಷಕ್ಕಿಂತ ಜಾಸ್ತಿ ಕಳೆದಿತ್ತು.

ಹೀಗೆ ಹಡಗನ್ನು ತಡೆಯಬಹುದಾ? ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳು ಅಂತ ಇವೆ, ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು 2005ರಲ್ಲಿ ಒಪ್ಪಿಕೊಂಡವು. ಅದರ ಪ್ರಕಾರ ಬರೀ ಆರೋಗ್ಯದ ಕಾರಣ ಹೇಳಿ ಹಡಗನ್ನು ಬಂದರಿನಿಂದ ಹೊರಗಿಡುವ ಹಾಗಿಲ್ಲ. ಬಂದರಿನಲ್ಲಿ ವ್ಯವಸ್ಥೆ ಇಲ್ಲದಿದ್ದರೆ ಹತ್ತಿರದ, ವ್ಯವಸ್ಥೆ ಇರುವ ಬಂದರಿಗೆ ಕಳಿಸಬಹುದು. ಹಡಗಿನ ಕ್ಯಾಪ್ಟನ್ ಒಂದು ಆರೋಗ್ಯ ಘೋಷಣೆ ಕೊಡಬೇಕು, ಬಂದರಿನ ಆರೋಗ್ಯ ಅಧಿಕಾರಿ ಅದನ್ನು ನೋಡಿ ಒಪ್ಪಿಗೆ ಕೊಡಬೇಕು. ಹಡಗಿನ ಮೇಲೆ ಹಳದಿ ಬಾವುಟ ಹಾರಿಸಿದರೆ 'ನಮ್ಮಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ, ಒಳಗೆ ಬರಲು ಒಪ್ಪಿಗೆ ಕೊಡಿ' ಅಂತ ಅರ್ಥ. ಕಾಗದದ ಮೇಲೆ ಇದೆಲ್ಲ ಚೆನ್ನಾಗಿದೆ. ಭಯ ಬಂದಾಗ ಯಾವ ದೇಶವೂ ಕಾಗದ ನೋಡಲಿಲ್ಲ. ಈ ನಿಯಮಗಳ ತಿದ್ದುಪಡಿ 2025ರ ಸೆಪ್ಟೆಂಬರ್ 19ರಿಂದ ಜಾರಿಗೆ ಬಂದಿದೆ. 'ಪ್ಯಾಂಡೆಮಿಕ್ ತುರ್ತುಸ್ಥಿತಿ' ಅಂತ ಹೊಸ ಹಂತವೊಂದು ಸೇರಿದೆ. ಅಮೆರಿಕ ಆ ತಿದ್ದುಪಡಿಯನ್ನು ಒಪ್ಪಿಲ್ಲ. ಹಾಗಾಗಿ ಮುಂದಿನ ಸಲವೂ ಎಲ್ಲ ಬಂದರುಗಳು ಒಂದೇ ರೀತಿ ನಡೆದುಕೊಳ್ಳುತ್ತವೆ ಅಂತ ನಂಬಿ ಟಿಕೆಟ್ ತೆಗೆಯುವುದು ಬೇಡ.

ಮಧ್ಯದ ಎರಡು ವರ್ಷದ ನಿಯಮಗಳನ್ನು ಉದ್ದಕ್ಕೆ ಹೇಳುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ, 2020ರ ಮಾರ್ಚ್ 14ರಂದು ಹಡಗುಗಳನ್ನು ನಿಲ್ಲಿಸಿತು. ಅಕ್ಟೋಬರ್ ಕೊನೆಗೆ ಷರತ್ತಿನ ಮೇಲೆ ಬಿಟ್ಟಿತು. 2022ರ ಜನವರಿಯಲ್ಲಿ ಆ ಷರತ್ತಿನ ಅವಧಿ ಮುಗಿಯಿತು, ಜುಲೈಯಲ್ಲಿ ಕ್ರೂಸ್‌ಗೆಂದೇ ಇಟ್ಟಿದ್ದ ಕೋವಿಡ್ ವ್ಯವಸ್ಥೆಯನ್ನೂ ಮುಚ್ಚಿತು. ಆದರೆ ಜನ ಎಡವಿದ್ದು ಈ ದೊಡ್ಡ ದಿನಾಂಕಗಳಲ್ಲಲ್ಲ, ಗಂಟೆಗಳ ಲೆಕ್ಕದಲ್ಲಿ. ಟೆಸ್ಟ್ 72 ಗಂಟೆಯೊಳಗಿನದಾಗಿರಬೇಕು ಅಂದರೆ ಮೂಗಿನ ಸ್ಯಾಂಪಲ್ ತೆಗೆದ ಹೊತ್ತಿನಿಂದಲೋ, ರಿಪೋರ್ಟ್ ಬಂದ ಹೊತ್ತಿನಿಂದಲೋ? ವಿಮಾನ ಹೊರಡುವವರೆಗೋ, ಇಳಿಯುವವರೆಗೋ? 2021ರ ಡಿಸೆಂಬರ್‌ನಿಂದ ಅಮೆರಿಕಕ್ಕೆ ವಿಮಾನ ಹತ್ತಲು ಹಿಂದಿನ ಒಂದು ದಿನದೊಳಗಿನ ಟೆಸ್ಟ್ ಬೇಕಿತ್ತು. ಹಡಗಿನವರು ತಮ್ಮ ಲೆಕ್ಕದಲ್ಲಿ ಬೇರೆ ಟೆಸ್ಟ್ ಕೇಳುತ್ತಿದ್ದರು. ಬೆಂಗಳೂರಿನಿಂದ ಹೊರಟು, ನಡುವೆ ವಿಮಾನ ಬದಲಿಸಿ, ಮಯಾಮಿ ತಲುಪುವಷ್ಟರಲ್ಲಿ ಒಂದು ದಿನ ಕರಗಿಹೋಗುತ್ತದೆ. ಅಂದರೆ ಇಲ್ಲಿ ಒಂದು ಟೆಸ್ಟ್, ಅಲ್ಲಿ ಇನ್ನೊಂದು. ಅಲ್ಲಿ ಪಾಸಿಟಿವ್ ಬಂದರೆ ಪರದೇಶದ ಹೋಟೆಲ್ ಕೋಣೆಯಲ್ಲಿ ಒಂದು ವಾರ.

ಎರಡು ಘಟನೆ ಮಾತ್ರ ಹೇಳಬೇಕು. 2020ರ ಡಿಸೆಂಬರ್‌ನಲ್ಲಿ ಸಿಂಗಪುರದಿಂದ ಹೊರಟು ಎಲ್ಲೂ ನಿಲ್ಲದೆ ಸಿಂಗಪುರಕ್ಕೇ ಮರಳುವ ಒಂದು ಪ್ರವಾಸದಲ್ಲಿ, ಕ್ವಾಂಟಮ್ ಆಫ್ ದಿ ಸೀಸ್ ಹಡಗಿನಲ್ಲಿ 83 ವರ್ಷದ ಹಿರಿಯರೊಬ್ಬರಿಗೆ ಪಾಸಿಟಿವ್ ಬಂತು. ಹಡಗು ವಾಪಸ್. ಮತ್ತೆ ಟೆಸ್ಟ್ ಮಾಡಿದಾಗ ನೆಗೆಟಿವ್. ಒಂದು ತಪ್ಪು ರಿಪೋರ್ಟ್ ಅಷ್ಟೂ ಜನರ ಪ್ರವಾಸವನ್ನು ಮುಗಿಸಿತು. ಇನ್ನೊಂದು ನಮ್ಮ ಪಕ್ಕದ್ದೇ. 2022ರ ಹೊಸ ವರ್ಷಕ್ಕೆ ಮುಂಬೈಯಿಂದ ಗೋವಾಕ್ಕೆ ಬಂದ ಕಾರ್ಡೇಲಿಯಾ ಹಡಗಿನಲ್ಲಿ ಸುಮಾರು 2,000 ಜನ. ಸಿಬ್ಬಂದಿಯೊಬ್ಬರಿಗೆ ಸೋಂಕು ಕಂಡಿತು. ಮುರಗಾಂವ್ ಬಂದರಿನಲ್ಲಿ ಎಲ್ಲರಿಗೂ ಟೆಸ್ಟ್ ಮಾಡಿದಾಗ 66 ಪಾಸಿಟಿವ್. ಹಡಗು ಮುಂಬೈಗೆ ಹಿಂದಿರುಗಿತು. ಕಣ್ಣೆದುರಿಗೇ ಗೋವಾ, ಇಳಿಯುವ ಹಾಗಿಲ್ಲ. ಎರಡು ರಾಜ್ಯಗಳ ನಡುವೆಯೇ ಹೀಗಾದರೆ ಎರಡು ದೇಶಗಳ ನಡುವೆ ಹೇಗೆ ಅಂತ ಊಹಿಸಿ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತುಸ್ಥಿತಿ ಮುಗಿಯಿತು ಅಂತ ಹೇಳಿತು. ಅದೇ ತಿಂಗಳು ಅಮೆರಿಕ, ವಿದೇಶಿಯರು ವಿಮಾನದಲ್ಲಿ ಬರಲು ಲಸಿಕೆ ಕಡ್ಡಾಯ ಅನ್ನುವುದನ್ನು ಕೈಬಿಟ್ಟಿತು. ಟೆಸ್ಟ್ ಹೋಯಿತು, ಮಾಸ್ಕ್ ಹೋಯಿತು. ಎಲ್ಲ ಮೊದಲಿನ ಹಾಗಾಯಿತು ಅಂತ ಜನ ಅಂದುಕೊಂಡರು. ಆಗಿಲ್ಲ. ನಿಯಮ ಹೋಯಿತು, ಅಚ್ಚು ಉಳಿಯಿತು. ದೇಶ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಫಾರ್ಮ್ ತುಂಬಿ ಅನ್ನುವ ಪದ್ಧತಿಯನ್ನೇ ನೋಡಿ. ಸಿಂಗಪುರದ ಅರೈವಲ್ ಕಾರ್ಡ್‌ನಲ್ಲಿ ಆರೋಗ್ಯ ಘೋಷಣೆ ಇವತ್ತಿಗೂ ಇದೆ. ಮಲೇಷ್ಯಾಕ್ಕೆ ತನ್ನದೇ ಡಿಜಿಟಲ್ ಕಾರ್ಡ್. ಥಾಯ್ಲೆಂಡ್ 2025ರ ಮೇ 1ರಿಂದ ತನ್ನದನ್ನು ಶುರು ಮಾಡಿತು. ಸಿಂಗಪುರ, ಪೆನಾಂಗ್, ಫುಕೆಟ್ ಸುತ್ತಿ ಬರುವ ಹಡಗಿನಲ್ಲಿ ಈ ಮೂರೂ ದೇಶ ಬರುತ್ತವೆ. ಯಾವ ಫಾರ್ಮನ್ನು ನೀವು ತುಂಬಬೇಕು, ಯಾವುದನ್ನು ಹಡಗಿನವರೇ ನೋಡಿಕೊಳ್ಳುತ್ತಾರೆ ಅಂತ ಬುಕಿಂಗ್ ದಿನವೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಈ ಮೂರು ಕಾರ್ಡಿಗೂ ಸರ್ಕಾರದ ಜಾಲತಾಣದಲ್ಲಿ ಒಂದು ಪೈಸೆ ಶುಲ್ಕ ಇಲ್ಲ. ದುಡ್ಡು ಕೇಳುವ ಸೈಟು ಕಂಡರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ.

ಹೆಸರಿನ ತಲೆನೋವು ನಮಗೆ, ಅಂದರೆ ಕನ್ನಡದವರಿಗೆ, ಬೇರೆಯವರಿಗಿಂತ ಜಾಸ್ತಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಇಲ್ಲ. ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದರೆ ಪ್ರವಾಸಿ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂದಿತು. ಆಮೇಲೆ ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸರಿ ಅಂತ ವಿವರಿಸಿತು. ದುಬೈಯಿಂದ ಕ್ರೂಸ್ ಹತ್ತುವವರಿಗೆ ಇದು ಸಣ್ಣ ವಿಷಯವಲ್ಲ. ಹುಟ್ಟಿದ ದಿನದ ಕತೆಯೂ ಹಾಗೇ. ಮೊದಮೊದಲ ಕೋವಿನ್ ಸರ್ಟಿಫಿಕೇಟಿನಲ್ಲಿ ಪೂರ್ತಿ ಜನ್ಮದಿನಾಂಕ ಇರುತ್ತಿರಲಿಲ್ಲ. 2021ರಲ್ಲಿ ಬ್ರಿಟನ್ ನಮ್ಮ ಸರ್ಟಿಫಿಕೇಟು ಒಪ್ಪದೆ ಜಗಳ ಎದ್ದ ಮೇಲೆ ಅದನ್ನು ಸೇರಿಸಿಕೊಳ್ಳುವ ಅವಕಾಶ ಬಂತು. ಪಾಸ್‌ಪೋರ್ಟು, ವೀಸಾ, ಹಡಗಿನ ಬುಕಿಂಗ್, ವಿಮಾನದ ಟಿಕೆಟ್, ವಿಮೆ, ಈ ಐದರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಬುಕ್ ಮಾಡಿದ ವಾರವೇ ಪಕ್ಕಪಕ್ಕ ಇಟ್ಟು ನೋಡಿ, ಮೂರು ದಿನ ಇರುವಾಗ ಅಲ್ಲ.

ಈಗ ವೀಸಾ. ಅತಿ ಹೆಚ್ಚು ಜನ ತಪ್ಪು ತಿಳಿಯುವುದು ಇಲ್ಲೇ. "ಆ ಊರಲ್ಲಿ ನಾವು ಇಳಿಯೋದೇ ಇಲ್ಲ, ಹಡಗಲ್ಲೇ ಇರ್ತೀವಿ, ವೀಸಾ ಯಾಕೆ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಇದು: ರಾತ್ರಿ ಎದೆನೋವು ಬಂದರೆ ಹಡಗಿನ ವೈದ್ಯರು ತುರ್ತು ಚಿಕಿತ್ಸೆ ಕೊಡಬಲ್ಲರು, ದೊಡ್ಡ ಆಪರೇಷನ್ ಮಾಡಲಾರರು. ನಿಮ್ಮನ್ನು ಮುಂದಿನ ಬಂದರಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸುತ್ತಾರೆ. ಆಗ ನೀವು ಆ ದೇಶದ ನೆಲದ ಮೇಲೆ ಇರುತ್ತೀರಿ. ಜೊತೆಗೆ ಬಂದವರೂ ಇರುತ್ತಾರೆ. ಕೋವಿಡ್ ಕಾಲದಲ್ಲಿ ಸೋಂಕು ಬಂದವರನ್ನು ನಡುದಾರಿಯಲ್ಲಿ ಇಳಿಸಬೇಕಾದಾಗ ಈ ಮಾತು ಎಲ್ಲರಿಗೂ ಅರ್ಥವಾಯಿತು. ಅದಕ್ಕೇ ಎಷ್ಟೋ ಹಡಗು ಕಂಪನಿಗಳು, ಇಳಿಯಲಿ ಬಿಡಲಿ, ದಾರಿಯ ಎಲ್ಲ ದೇಶಗಳ ವೀಸಾ ಕೇಳುತ್ತವೆ.

ಅದೂ ಮಲ್ಟಿಪಲ್ ಎಂಟ್ರಿ ವೀಸಾ. ಸಿಂಗಪುರದಿಂದ ಹೊರಟ ಹಡಗು ಸಿಂಗಪುರಕ್ಕೇ ಮರಳಿದರೆ ಅದು ಎರಡನೇ ಪ್ರವೇಶ. ಅಥೆನ್ಸಿನಿಂದ ಹೊರಟು ಟರ್ಕಿಯ ಕುಶಾದಾಸಿಗೆ ಹೋಗಿ ಮತ್ತೆ ಗ್ರೀಸಿನ ದ್ವೀಪಕ್ಕೆ ಬಂದರೆ, ಷೆಂಗೆನ್, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನಿಂದ ಹೊರಹೋಗಿ ಮತ್ತೆ ಒಳಬಂದ ಹಾಗೆ. ಸಿಂಗಲ್ ಎಂಟ್ರಿ ವೀಸಾ ಇದ್ದವರ ಪ್ರವಾಸ ಹಡಗು ಹತ್ತುವ ಕೌಂಟರಿನಲ್ಲೇ ಮುಗಿಯಬಹುದು.

ಅಮೆರಿಕದಲ್ಲಿರುವ ನಮ್ಮವರು ಅಪ್ಪ ಅಮ್ಮ ಬಂದಾಗ ಸಿಯಾಟಲ್‌ನಿಂದ ಅಲಾಸ್ಕಾ ಕ್ರೂಸ್ ಬುಕ್ ಮಾಡುತ್ತಾರೆ. ಅಮೆರಿಕದಿಂದ ಅಮೆರಿಕಕ್ಕೆ ತಾನೇ ಅನ್ನಿಸುತ್ತದೆ ಅಲ್ವಾ? ಆದರೆ 1886ರ ಒಂದು ಅಮೆರಿಕನ್ ಕಾನೂನಿನ ಪ್ರಕಾರ ವಿದೇಶಿ ಬಾವುಟದ ಹಡಗು ಹೀಗೆ ಹೋಗಿಬರುವಾಗ ನಡುವೆ ಒಂದು ವಿದೇಶಿ ಬಂದರಿನಲ್ಲಿ ನಿಲ್ಲಲೇಬೇಕು. ದೊಡ್ಡ ಕ್ರೂಸ್ ಹಡಗುಗಳ ಬಾವುಟ ಹೆಚ್ಚಾಗಿ ವಿದೇಶದ್ದೇ. ಹಾಗಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುತ್ತವೆ. ಕೋವಿಡ್ ಕಾಲದಲ್ಲಿ ಕೆನಡಾ ಬಂದರು ಮುಚ್ಚಿದಾಗ ಇಡೀ ಅಲಾಸ್ಕಾ ಪ್ರವಾಸವೇ ನಿಂತುಹೋಯಿತು. 2021ರ ಮೇ 24ರಂದು ಅಮೆರಿಕ ತಾತ್ಕಾಲಿಕವಾಗಿ ಇನ್ನೊಂದು ಕಾನೂನು ತಂದ ಮೇಲೆಯೇ ಹಡಗು ಹೊರಟದ್ದು. ಈಗ ಹಳೇ ಪದ್ಧತಿ ಮರಳಿದೆ. ಆ ಒಂದು ಸಂಜೆಗಾಗಿ ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಬೇಕು, ಅಮೆರಿಕಕ್ಕೆ ಮರಳಲು ಅವರ ಅಮೆರಿಕ ವೀಸಾದ ಅವಧಿ, ಪ್ರವೇಶದ ಲೆಕ್ಕ ಎರಡೂ ನೋಡಿಕೊಂಡಿರಬೇಕು.

ಅಮೆರಿಕದ ಕೆಲಸದ ವೀಸಾ ಎಚ್-1ಬಿ ಇರುವವರು ಇನ್ನೂ ಎಚ್ಚರ ವಹಿಸಬೇಕು. ವೀಸಾ ಸ್ಟಾಂಪಿನ ಅವಧಿ ಮುಗಿದಿದ್ದರೂ ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಅನ್ನುವ ದಾಖಲೆ) ಚಾಲ್ತಿಯಲ್ಲಿದ್ದರೆ, ಕೆನಡಾ ಅಥವಾ ಮೆಕ್ಸಿಕೋಗೆ 30 ದಿನದೊಳಗೆ ಹೋಗಿಬರಲು ಷರತ್ತಿನ ಮೇಲೆ ಅವಕಾಶ ಇದೆ. ಆದರೆ ಕೆರಿಬಿಯನ್ ದ್ವೀಪಗಳಿಗೆ ಆ ರಿಯಾಯಿತಿ ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮದ) ವೀಸಾದವರಿಗೆ ಮಾತ್ರ. ಸ್ನೇಹಿತರು ಮೆಕ್ಸಿಕೋಗೆ ಹೋಗಿಬಂದರು ಅಂತ ನೀವು ಬಹಾಮಾಸ್ ಹಡಗು ಹತ್ತಿದರೆ ವಾಪಸ್ ಬರುವ ದಾರಿ ಕಷ್ಟವಾಗುತ್ತದೆ. ಅಂತರ್ಜಾಲದಲ್ಲಿ 'ಹೊರಟ ಬಂದರಿಗೇ ಮರಳುವ ಕ್ರೂಸ್‌ಗೆ ಬರ್ತ್ ಸರ್ಟಿಫಿಕೇಟ್ ಸಾಕು' ಅಂತ ಓದುತ್ತೀರಿ. ಅದು ಅಮೆರಿಕದ ಪ್ರಜೆಗಳಿಗೆ ಬರೆದದ್ದು. ಕ್ರೂಸ್ ಬಗ್ಗೆ ಸಿಗುವ ಸಲಹೆಯಲ್ಲಿ ಮುಕ್ಕಾಲು ಪಾಲು ಬೇರೆ ಪಾಸ್‌ಪೋರ್ಟಿನವರಿಗಾಗಿ ಬರೆದದ್ದೇ.

ಲಸಿಕೆಯಲ್ಲಿ ಇವತ್ತಿಗೂ ಗಟ್ಟಿಯಾಗಿ ನಿಂತಿರುವುದು ಹಳದಿ ಜ್ವರದ್ದು. ಬ್ರೆಜಿಲ್, ಕೆನ್ಯಾ ಮುಟ್ಟಿ ಬರುವ ಹಡಗಾದರೆ ನೆನಪಿಡಿ. ಚುಚ್ಚಿಸಿಕೊಂಡು ಹತ್ತು ದಿನ ಆದ ಮೇಲೆಯೇ ಸರ್ಟಿಫಿಕೇಟಿಗೆ ಬೆಲೆ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ಹಾಕುವುದು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಅದಿಲ್ಲದೆ ಆ ದೇಶಗಳಿಂದ ಭಾರತಕ್ಕೆ ಮರಳಿದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಹೋಗುವಾಗಿನದಲ್ಲ, ಮನೆಗೆ ಮರಳುವಾಗಿನ ನಿಯಮ ಇದು.

ವಿಮೆಯ ಮಾತಿಗೆ ಬಂದರೆ, ಊರಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಸಮುದ್ರದ ಮೇಲೆ ಕೆಲಸಕ್ಕೆ ಬರುವುದಿಲ್ಲ. ಹಡಗಿನ ಕ್ಲಿನಿಕ್ಕಿನ ಬಿಲ್ ನಿಮ್ಮ ಕ್ಯಾಬಿನ್ ಖಾತೆಗೆ ಬೀಳುತ್ತದೆ, ಹೆಚ್ಚಾಗಿ ಡಾಲರಿನಲ್ಲಿ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಬೇಕೇ ಬೇಕು. ಉಳಿದ ಕಡೆಗೂ ಅದಕ್ಕಿಂತ ಕಡಿಮೆ ಮಾಡಿಸಬೇಡಿ ಅಂತ ನನ್ನ ಸಲಹೆ. ಬಿಪಿ, ಶುಗರ್ ಇದ್ದರೆ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಯ ಸಾಲನ್ನು ಎರಡು ಸಲ ಓದಿ. ಮಾತ್ರೆಗಳು ಕೈಚೀಲದಲ್ಲೇ ಇರಲಿ. ದೊಡ್ಡ ಸೂಟ್‌ಕೇಸ್ ಕ್ಯಾಬಿನ್ ತಲುಪುವಾಗ ಎಷ್ಟೋ ಸಲ ಸಂಜೆಯಾಗಿರುತ್ತದೆ, ಮಧ್ಯಾಹ್ನದ ಡೋಸ್ ತಪ್ಪುತ್ತದೆ. ಕೆಲವು ನಿದ್ದೆ ಮಾತ್ರೆ, ನೋವಿನ ಮಾತ್ರೆಗೆ ಸಿಂಗಪುರದಂಥ ಕಡೆ ಮೊದಲೇ ಅನುಮತಿ ಬೇಕು. ಕೋವಿಡ್ ಕಲಿಸಿದ ಸ್ಯಾನಿಟೈಸರ್ ಅಭ್ಯಾಸ ಒಳ್ಳೆಯದೇ. ಆದರೆ ಹಡಗಿನಲ್ಲಿ ವಾಂತಿ ಭೇದಿ ಹಬ್ಬಿಸುವ ನೊರೊವೈರಸ್‌ಗೆ ಅದು ಅಷ್ಟಾಗಿ ನಾಟುವುದಿಲ್ಲ. ಸೋಪು, ನೀರು, ಚೆನ್ನಾಗಿ ಉಜ್ಜಬೇಕು. ಅಮೆರಿಕದ ಬಂದರು ಮುಟ್ಟುವ ಹಡಗುಗಳನ್ನು ಸಿಡಿಸಿ ಪರೀಕ್ಷಿಸಿ 100ಕ್ಕೆ ಅಂಕ ಕೊಡುತ್ತದೆ. 85 ಅಥವಾ ಕಡಿಮೆ ಬಂದರೆ ಫೇಲ್. ಅಂಕಪಟ್ಟಿ ಎಲ್ಲರೂ ನೋಡಬಹುದು.

ಕೊನೆಯದಾಗಿ, ಹಡಗು ಹತ್ತುವಾಗ ಕೊಡುವ ಆ ಒಂದು ಪುಟದ ಪ್ರಶ್ನೆಪತ್ರ. ಜ್ವರ ಇದೆಯಾ, ಕೆಮ್ಮು ಇದೆಯಾ, ಎರಡು ದಿನದಲ್ಲಿ ಭೇದಿ ಆಗಿದೆಯಾ. ಇಡೀ ವ್ಯವಸ್ಥೆ ನಿಂತಿರುವುದು ಆ ಕಾಗದದ ಮೇಲೆ. ಜನ ಸುಳ್ಳು ಬರೆಯುವುದೂ ಅಲ್ಲೇ. ಕೆಟ್ಟವರು ಅಂತಲ್ಲ. ಲಕ್ಷಗಟ್ಟಲೆ ದುಡ್ಡು ಕಟ್ಟಿ, ರಜೆ ಹಾಕಿ ಬಂದವರಿಗೆ 'ಹೌದು' ಅಂತ ಗುರುತು ಹಾಕಲು ಕೈ ಬರುವುದಿಲ್ಲ. ಕೋವಿಡ್ ಕಾಲದಲ್ಲಿ ಕೆಲವು ಕಂಪನಿಗಳು ಪಾಸಿಟಿವ್ ಬಂದವರಿಗೆ ಹಣವನ್ನೋ, ಮುಂದಿನ ಪ್ರವಾಸಕ್ಕೆ ಕ್ರೆಡಿಟ್ಟನ್ನೋ ಕೊಡುತ್ತಿದ್ದವು. ನನಗೆ ಕೇಳಿದರೆ, ಟೆಸ್ಟಿನಷ್ಟೇ ಮುಖ್ಯವಾದ ಆರೋಗ್ಯ ನಿಯಮ ಅದು. ನಿಜ ಹೇಳಿದವರಿಗೆ ನಷ್ಟವಾಗದಂತೆ ನೋಡಿಕೊಳ್ಳದೆ ನಿಜ ನಿರೀಕ್ಷಿಸುವುದು ಹೇಗೆ? ಬುಕ್ ಮಾಡುವ ಮುನ್ನ ಇದನ್ನೂ ಬಾಯಿಬಿಟ್ಟು ಕೇಳಿ: ಹೊರಡುವ ದಿನ ಜ್ವರ ಬಂದರೆ ನಮ್ಮ ದುಡ್ಡು ಏನಾಗುತ್ತೆ?

ಚಿಕ್ಕಮ್ಮನಿಗೆ ಆ ದಿನ ಮರೀನಾ ಬೇ ಕ್ರೂಸ್ ಸೆಂಟರಿನಲ್ಲಿ ಸಣ್ಣ ಕೆಮ್ಮು ಇತ್ತು. ವಿಮಾನದ ಏಸಿ ಹವಾ. ಚಿಕ್ಕಪ್ಪ ಸುಮ್ಮನೆ 'ಇಲ್ಲ' ಅಂತ ಬರಿ ಅಂದರಂತೆ. ಅವರು 'ಹೌದು' ಅಂತಲೇ ಬರೆದರು. ನರ್ಸ್ ಪಕ್ಕಕ್ಕೆ ಕರೆದು ಕೂರಿಸಿದಳು. ಜ್ವರ ನೋಡಿದಳು, ಮೂಗಿನ ಟೆಸ್ಟ್ ಮಾಡಿದಳು. ಅವರಿಬ್ಬರು ಬೆಂಚಿನ ಮೇಲೆ ನಲವತ್ತು ನಿಮಿಷ ಕೂತರು, ಉಳಿದವರೆಲ್ಲ ಕಣ್ಣೆದುರೇ ಒಳಗೆ ಹೋದರು. ರಿಪೋರ್ಟ್ ನೆಗೆಟಿವ್ ಬಂತು. ನರ್ಸ್ ಒಂದು ಮಾಸ್ಕ್ ಕೊಟ್ಟು, ಎರಡು ದಿನ ಇದನ್ನು ಹಾಕಿಕೊಳ್ಳಿ ಅಮ್ಮ ಅಂತ ತಮಿಳಿನಲ್ಲಿ ಹೇಳಿ ಕಳಿಸಿದಳು. ಆ ಪ್ರವಾಸದ ಫೋಟೋಗಳಲ್ಲಿ ಮೊದಲ ಎರಡು ದಿನದ್ದರಲ್ಲಿ ಚಿಕ್ಕಮ್ಮನ ಮುಖ ಅರ್ಧವೇ ಕಾಣುವುದು, ನೀಲಿ ಮಾಸ್ಕಿನ ಮೇಲೆ ಕುಂಕುಮ, ಹಿಂದೆ ಸಮುದ್ರ.